ಎಫ್‌ಐಆರ್‌ನಿಂದ ತೀರ್ಪಿನ ನಕಲಿನವರೆಗೆ: ಠಾಣೆ, ಕೋರ್ಟಿನ ದಾಖಲೆ ಪಡೆಯುವ ದಾರಿ

"ಠಾಣೆಗೆ ಹೋದರೆ ಕೋರ್ಟಿನಲ್ಲಿ ತಗೊಳ್ಳಿ ಅಂತಾರೆ, ಕೋರ್ಟಿಗೆ ಹೋದರೆ ಕೇಸ್ ನಂಬರ್ ತನ್ನಿ ಅಂತಾರೆ. ನಾವು ಎಲ್ಲಿಗೆ ಹೋಗಬೇಕು?" ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಅಪಘಾತದ ಪರಿಹಾರಕ್ಕೆ ಎಫ್‌ಐಆರ್ ಬೇಕಾದವರು, ಜಮೀನು ಕೊಳ್ಳುವ ಮುಂಚೆ ಅದರ ಮೇಲೆ ದಾವೆ ಇದೆಯೇ ಎಂದು ನೋಡಬೇಕಾದವರು, ತಮ್ಮ ಮೇಲೆಯೇ ಕೇಸು ದಾಖಲಾಗಿದೆ ಎಂದು ಯಾರಿಂದಲೋ ಕೇಳಿ ಗಾಬರಿಯಾದವರು, ಮೇಲ್ಮನವಿಗೆ ತೀರ್ಪಿನ ನಕಲು ಬೇಕಾದವರು, ಎಲ್ಲರೂ ಈ ಎರಡು ಬಾಗಿಲುಗಳ ನಡುವೆ ಓಡಾಡಿ ಸುಸ್ತಾಗುತ್ತಾರೆ. ಕರ್ನಾಟಕದ ಠಾಣೆ ಮತ್ತು ನ್ಯಾಯಾಲಯಗಳಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಅರ್ಜಿ ಬರೆಯುವ ಮೊದಲು ಎರಡು ವಿಷಯ ಖಚಿತ ಮಾಡಿಕೊಳ್ಳಿ. ಕೈಗೆ ಸಿಗದೆ ಹೋಗುವ ದಾಖಲೆಗಳಲ್ಲಿ ಬಹುಪಾಲು ತಪ್ಪಿಹೋಗುವುದು ಇಲ್ಲಿಯೇ.

ಒಂದು: ಕಾಗದ ಈಗ ಯಾರ ವಶದಲ್ಲಿದೆ? ಎಫ್‌ಐಆರ್ ದಾಖಲಾದ ಕೂಡಲೇ ಅದರ ಒಂದು ಪ್ರತಿ ಆ ಠಾಣೆಯ ವ್ಯಾಪ್ತಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗುತ್ತದೆ. ತನಿಖೆ ಮುಗಿಯುವವರೆಗೆ ಉಳಿದ ಕಡತ ಠಾಣೆಯಲ್ಲಿರುತ್ತದೆ. ದೋಷಾರೋಪಣ ಪಟ್ಟಿ (ಚಾರ್ಜ್‌ಶೀಟ್, ಅಂದರೆ ತನಿಖೆ ಮುಗಿಸಿ ಪೊಲೀಸರು ಕೋರ್ಟಿಗೆ ಸಲ್ಲಿಸುವ ವರದಿ) ಸಲ್ಲಿಕೆಯಾದ ಮೇಲೆ ಮೂಲ ಕಾಗದಗಳೆಲ್ಲ ಕೋರ್ಟಿನದು. ಕೇಸು ಇತ್ಯರ್ಥವಾದ ಮೇಲೆ ಕಡತ ಕೋರ್ಟಿನ ರೆಕಾರ್ಡ್ ರೂಮಿಗೆ ಇಳಿಯುತ್ತದೆ.

ಎರಡು: ಆ ಪ್ರಕರಣದಲ್ಲಿ ನೀವು ಯಾರು? ದೂರು ಕೊಟ್ಟವರೇ, ಸಂತ್ರಸ್ತರೇ, ಆರೋಪಿಯೇ, ಸಿವಿಲ್ ದಾವೆಯ ಪಕ್ಷಗಾರರೇ, ಅಥವಾ ಯಾವ ಸಂಬಂಧವೂ ಇಲ್ಲದ ಮೂರನೆಯವರೇ? ಒಂದೇ ಕಾಗದ ಒಬ್ಬರಿಗೆ ಉಚಿತವಾಗಿ ಹಕ್ಕಿನಿಂದ ಸಿಗುತ್ತದೆ, ಇನ್ನೊಬ್ಬರಿಗೆ ಶುಲ್ಕ ಕಟ್ಟಿದರೆ ಸಿಗುತ್ತದೆ, ಮತ್ತೊಬ್ಬರಿಗೆ ನ್ಯಾಯಾಧೀಶರ ಅನುಮತಿ ಇಲ್ಲದೆ ಸಿಗುವುದೇ ಇಲ್ಲ.

ಹಂತ 1: ನಂಬರ್ ಪತ್ತೆ ಮಾಡಿ

ಬರೀ ಹೆಸರು ಹೇಳಿದರೆ ಠಾಣೆಯಲ್ಲಾಗಲಿ ಕೋರ್ಟಿನ ಕಚೇರಿಯಲ್ಲಾಗಲಿ ಕಡತ ಹುಡುಕಿಕೊಡುವುದು ಕಡಿಮೆ. ಎಲ್ಲವೂ ನಂಬರಿನ ಮೇಲೆ ನಡೆಯುತ್ತದೆ. ಒಂದೇ ಪ್ರಕರಣಕ್ಕೆ ಬೇರೆ ಬೇರೆ ಹಂತದಲ್ಲಿ ಬೇರೆ ಬೇರೆ ನಂಬರ್ ಬೀಳುವುದರಿಂದ ಜನ ಗೊಂದಲಕ್ಕೆ ಬೀಳುತ್ತಾರೆ.

ಠಾಣೆಯ ನಂಬರಿಗೆ ಅಪರಾಧ ಸಂಖ್ಯೆ, ಮೊಕದ್ದಮೆ ನಂಬರ್ ಅಥವಾ ಕ್ರೈಂ ನಂಬರ್ ಎನ್ನುತ್ತಾರೆ. ಉತ್ತರ ಕರ್ನಾಟಕದ ಕಡೆ ಗುನ್ನೆ ನಂಬರ್ ಎಂಬ ಮಾತೂ ಬಳಕೆಯಲ್ಲಿದೆ. ಇದು "45/2025" ಎಂಬ ರೂಪದಲ್ಲಿರುತ್ತದೆ. ಪ್ರತಿ ಠಾಣೆಯಲ್ಲೂ ಪ್ರತಿ ವರ್ಷ ಒಂದರಿಂದ ಎಣಿಕೆ ಶುರುವಾಗುವುದರಿಂದ ಠಾಣೆಯ ಹೆಸರಿಲ್ಲದ ಕ್ರೈಂ ನಂಬರ್ ಯಾವ ಕೆಲಸಕ್ಕೂ ಬರುವುದಿಲ್ಲ. ಚಾರ್ಜ್‌ಶೀಟ್ ಆದಮೇಲೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಿ.ಸಿ. ನಂಬರ್ ಬೀಳುತ್ತದೆ. ಕೊಲೆಯಂಥ ಗಂಭೀರ ಪ್ರಕರಣ ಸೆಷನ್ಸ್ ನ್ಯಾಯಾಲಯಕ್ಕೆ ಹೋದಾಗ ಎಸ್.ಸಿ. ನಂಬರ್ ಬೇರೆ. ನೇರವಾಗಿ ಕೋರ್ಟಿಗೇ ಕೊಟ್ಟ ಖಾಸಗಿ ದೂರಿಗೆ ಪಿ.ಸಿ.ಆರ್., ಸಿವಿಲ್ ದಾವೆಗೆ ಒ.ಎಸ್., ಅಪಘಾತ ಪರಿಹಾರದ ಅರ್ಜಿಗೆ ಎಂ.ವಿ.ಸಿ. ನಂಬರ್ ಇರುತ್ತದೆ.

ಎಷ್ಟು ಹುಡುಕಿದರೂ ಎಫ್‌ಐಆರ್ ಸಿಗದಿದ್ದರೆ, ನಿಮ್ಮ ಪ್ರಕರಣದಲ್ಲಿ ಎಫ್‌ಐಆರ್ ಆಗಿಯೇ ಇಲ್ಲದಿರಬಹುದು. ಹಾಗಾಗುವ ಸಂದರ್ಭಗಳು ಮುಖ್ಯವಾಗಿ ಮೂರು.

ಬೈದಾಟ, ಸಣ್ಣ ಹೊಡೆದಾಟದಂಥ ಅಸಂಜ್ಞೇಯ ಅಪರಾಧಗಳಲ್ಲಿ (ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧಗಳು) ಎನ್‌ಸಿಆರ್ ಎಂದು ಬೇರೆ ಪುಸ್ತಕದಲ್ಲಿ ಬರೆದುಕೊಂಡು ಹಿಂಬರಹ ಕೊಡುತ್ತಾರೆ. ಹಿಂಬರಹ ಎಂದರೆ ನಿಮ್ಮ ದೂರಿನ ಮೇಲೆ ಏನು ಕ್ರಮ ಆಯಿತು ಎಂದು ಠಾಣೆ ಬರೆದು ಕೊಡುವ ಉತ್ತರ.

ಎರಡನೆಯದು ಅಸ್ವಾಭಾವಿಕ ಸಾವು. ಬಾವಿಗೆ ಬಿದ್ದದ್ದು, ಹಾವು ಕಚ್ಚಿದ್ದು, ವಿದ್ಯುತ್ ತಗುಲಿದ್ದು, ಆತ್ಮಹತ್ಯೆ ಇಂಥವು ಮೊದಲು ಯು.ಡಿ.ಆರ್. ಎಂದು ದಾಖಲಾಗುತ್ತವೆ. ಇವುಗಳ ವರದಿ ಹೋಗುವುದು ನ್ಯಾಯಾಂಗದ ಮ್ಯಾಜಿಸ್ಟ್ರೇಟರಿಗಲ್ಲ, ಕಂದಾಯ ಇಲಾಖೆಯ ಕಡೆಯ ಕಾರ್ಯನಿರ್ವಾಹಕ ದಂಡಾಧಿಕಾರಿಗೆ. ಹಾಗಾಗಿ ವಿಮೆಗಾಗಿ ಯು.ಡಿ.ಆರ್. ಪ್ರತಿ, ಶವ ಪಂಚನಾಮೆ, ಮರಣೋತ್ತರ ಪರೀಕ್ಷಾ ವರದಿ ಬೇಕಾದ ಕುಟುಂಬದವರು ಠಾಣೆಯಲ್ಲಿ ಕೇಳಬೇಕು. ಅಲ್ಲಿ ಇಲ್ಲವೆಂದರೆ ತಹಶೀಲ್ದಾರ್ ಅಥವಾ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬೇಕು. ಇದಕ್ಕಾಗಿ ಕೋರ್ಟಿನ ಕಾಪಿಯಿಂಗ್ ಸೆಕ್ಷನ್ನಿನಲ್ಲಿ (ನಕಲು ವಿಭಾಗ) ದಿನಗಟ್ಟಲೆ ಕಾದವರನ್ನು ನೋಡಿದರೆ ನೋವಾಗುತ್ತದೆ. ಮನೆಯಲ್ಲಿ ಸಾವಾಗಿರುವ ಹೊತ್ತಿನಲ್ಲಿ ಈ ಅಲೆದಾಟ ಯಾರಿಗೂ ಬೇಡ.

ಮೂರನೆಯದು ಇ-ಲಾಸ್ಟ್ ರಿಪೋರ್ಟ್. ಮೊಬೈಲ್, ಅಂಕಪಟ್ಟಿ ಕಳೆದುಹೋದಾಗ ಆನ್‌ಲೈನಿನಲ್ಲಿ ಪಡೆಯುವ ಸ್ವೀಕೃತಿ ಪತ್ರ ಇದು. ಎಫ್‌ಐಆರ್ ಅಲ್ಲ. ಕಳವಾಗಿದೆ ಎಂದಾದರೆ ಎಫ್‌ಐಆರ್ ಬೇಕೇ ಬೇಕು.

ಹಂತ 2: ಎಫ್‌ಐಆರ್ ಪ್ರತಿ

2024ರ ಜುಲೈ 1ರಿಂದ ಸಿಆರ್‌ಪಿಸಿ ಬದಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ (ಬಿಎನ್‌ಎಸ್‌ಎಸ್) ಜಾರಿಯಲ್ಲಿದೆ. ಅದರ ಕಲಂ 173(2)ರ ಪ್ರಕಾರ ದೂರು ಕೊಟ್ಟವರಿಗೆ ಅಥವಾ ಸಂತ್ರಸ್ತರಿಗೆ ಎಫ್‌ಐಆರ್ ಪ್ರತಿಯನ್ನು ಕೂಡಲೇ, ಉಚಿತವಾಗಿ ಕೊಡಬೇಕು. "ನಾಳೆ ಬನ್ನಿ", "ಸಾಹೇಬರು ಬರಲಿ" ಎಂದರೆ ಈ ಕಲಂ ಹೆಸರು ಹೇಳಿ ಕೇಳಿ. ಸಾಮಾನ್ಯವಾಗಿ ಈ ಕೆಲಸ ನೋಡಿಕೊಳ್ಳುವವರು ಠಾಣಾ ಬರಹಗಾರರು (ಸ್ಟೇಷನ್ ರೈಟರ್). ಸಹಿ ಮಾಡುವವರು ಠಾಣಾಧಿಕಾರಿ.

ಪ್ರತಿ ಕೈಗೆ ಬಂದಾಗ ಅಲ್ಲೇ ನಿಂತು ನಾಲ್ಕು ಅಂಶ ನೋಡಿಕೊಳ್ಳಿ: ಅಪರಾಧ ಸಂಖ್ಯೆ, ಹಾಕಿರುವ ಕಲಂಗಳು, ಘಟನೆ ನಡೆದ ದಿನ ಮತ್ತು ಸಮಯ, ನಿಮ್ಮ ಹೆಸರು ಹಾಗೂ ವಾಹನ ಸಂಖ್ಯೆಯಂಥ ವಿವರ. ಒಂದು ಅಂಕಿ ತಪ್ಪಿದರೂ ವಿಮಾ ಕಂಪನಿ ಅದನ್ನೇ ಹಿಡಿದುಕೊಳ್ಳುತ್ತದೆ. ಇನ್ನೊಂದು: ನಮೂನೆಯಲ್ಲಿ ತುಂಬಿದ ಎಫ್‌ಐಆರ್ ಬೇರೆ, ನೀವು ಬರೆದುಕೊಟ್ಟ ಮೂಲ ದೂರು ಬೇರೆ. ಎರಡರ ಪ್ರತಿಯನ್ನೂ ಕೇಳಿ ಪಡೆಯಿರಿ.

ನೀವು ದೂರುದಾರರಲ್ಲದಿದ್ದರೆ ಮೊದಲು ಕರ್ನಾಟಕ ರಾಜ್ಯ ಪೊಲೀಸ್ ಜಾಲತಾಣದ ಎಫ್‌ಐಆರ್ ಹುಡುಕಾಟ ವಿಭಾಗಕ್ಕೆ ಹೋಗಿ. ಜಿಲ್ಲೆ ಅಥವಾ ಕಮಿಷನರೇಟ್, ಠಾಣೆ, ನಂಬರ್, ವರ್ಷ ಕೊಟ್ಟು ನೋಡಿ. ಯೂತ್ ಬಾರ್ ಅಸೋಸಿಯೇಷನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಸೆಪ್ಟೆಂಬರ್ 7ರಂದು ಕೊಟ್ಟ ಆದೇಶದ ಪ್ರಕಾರ ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಹಾಕಬೇಕು. ಸಂಪರ್ಕ ಕಷ್ಟವಿರುವ ಕಡೆ 48 ಗಂಟೆ, ಹೆಚ್ಚೆಂದರೆ 72 ಗಂಟೆ. ಲೈಂಗಿಕ ಅಪರಾಧ, ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆ ಕಾಯ್ದೆ), ಭಯೋತ್ಪಾದನೆಯಂಥ ಸೂಕ್ಷ್ಮ ಪ್ರಕರಣಗಳಿಗೆ ವಿನಾಯಿತಿ ಇದೆ. ಅವು ಕಾಣಿಸುವುದಿಲ್ಲ, ಕಾಣಿಸಬಾರದು.

ನಿಮ್ಮ ಮೇಲೆಯೇ ಕೇಸು ಇದೆ ಎಂದು ಅನುಮಾನವಿದ್ದರೆ ಅದೇ ಆದೇಶ ನಿಮ್ಮ ನೆರವಿಗಿದೆ. ಆರೋಪಿ, ಅಥವಾ ತನ್ನ ಹೆಸರು ಎಫ್‌ಐಆರ್‌ನಲ್ಲಿದೆ ಎಂದು ನಂಬಲು ಕಾರಣವಿರುವ ವ್ಯಕ್ತಿ, ತನ್ನ ಪ್ರತಿನಿಧಿಯ ಮೂಲಕವೂ ಸಂಬಂಧಪಟ್ಟ ಪೊಲೀಸ್ ಅಧಿಕಾರಿಗೆ ಅಥವಾ ಎಸ್‌ಪಿಗೆ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ 24 ಗಂಟೆಯೊಳಗೆ ಪ್ರತಿ ಪಡೆಯಬಹುದು. ಕೋರ್ಟಿನಲ್ಲಿ ಅರ್ಜಿ ಹಾಕಿದರೆ ಎರಡು ಕೆಲಸದ ದಿನಗಳಲ್ಲಿ ದೃಢೀಕೃತ ಪ್ರತಿ ಕೊಡಬೇಕು. ಪ್ರಕರಣ ಸೂಕ್ಷ್ಮವೆಂದು ಪ್ರತಿ ಕೊಡದಿದ್ದರೆ ಎಸ್‌ಪಿಗೆ (ನಗರಗಳಲ್ಲಿ ಕಮಿಷನರಿಗೆ) ಮನವಿ ಕೊಡಿ. ಅವರು ಮೂವರು ಅಧಿಕಾರಿಗಳ ಸಮಿತಿ ರಚಿಸಬೇಕು, ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಿ ನಿಮಗೆ ತಿಳಿಸಬೇಕು. ಬಂಧನದ ಭಯವಿರುವವರು ಠಾಣೆಗೆ ತಾವೇ ಹೋಗುವ ಬದಲು ವಕೀಲರ ಮೂಲಕ ಕೋರ್ಟಿನಲ್ಲಿ ಅರ್ಜಿ ಹಾಕುವುದು ಜಾಣತನ.

ದೂರು ಕೊಟ್ಟರೂ ಎಫ್‌ಐಆರ್ ದಾಖಲಿಸದಿದ್ದರೆ ಪ್ರತಿಯ ಪ್ರಶ್ನೆಯೇ ಬರುವುದಿಲ್ಲ. ಆಗ ಕಲಂ 173(4)ರಂತೆ ಎಸ್‌ಪಿಗೆ ಬರವಣಿಗೆಯಲ್ಲಿ, ಅಂಚೆಯ ಮೂಲಕ ಕಳಿಸಿ. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಎಸ್‌ಪಿಗೆ ಕಳಿಸಿದ ಸ್ಪೀಡ್ ಪೋಸ್ಟ್ ರಸೀದಿ ಇಲ್ಲದೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬೇಡಿ.

ಹಂತ 3: ತನಿಖೆಯ ಕಾಗದ ಮತ್ತು ಚಾರ್ಜ್‌ಶೀಟ್

ಬಹಳ ಜನ ಕೈಸುಟ್ಟುಕೊಳ್ಳುವ ಹಂತ ಇದು. ಎಫ್‌ಐಆರ್‌ನಂತೆ ಚಾರ್ಜ್‌ಶೀಟ್ ಕೂಡ ಜಾಲತಾಣದಲ್ಲಿ ಸಿಗುತ್ತದೆ ಎಂದುಕೊಳ್ಳಬೇಡಿ. ಚಾರ್ಜ್‌ಶೀಟ್ ಸಾರ್ವಜನಿಕ ದಾಖಲೆಯಲ್ಲ, ಅದನ್ನು ಜಾಲತಾಣಕ್ಕೆ ಹಾಕಿ ಎಂದು ಆದೇಶಿಸಲಾಗದು ಎಂದು ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಸೌರವ್ ದಾಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಆದರೆ ಆರೋಪಿಗೆ ಅದು ಹಕ್ಕು. ಬಿಎನ್‌ಎಸ್‌ಎಸ್ ಕಲಂ 230ರಂತೆ (ಹಳೆಯ ಸಿಆರ್‌ಪಿಸಿ 207) ಪೊಲೀಸ್ ವರದಿ, ಎಫ್‌ಐಆರ್, ಸಾಕ್ಷಿಗಳ ಹೇಳಿಕೆ ಮತ್ತು ವರದಿಯ ಜೊತೆ ಸಲ್ಲಿಸಿದ ಇತರ ದಾಖಲೆಗಳ ಪ್ರತಿಯನ್ನು ಆರೋಪಿ ಹಾಜರಾದ 14 ದಿನದೊಳಗೆ ಉಚಿತವಾಗಿ ಕೊಡಬೇಕು. ಈಗ ಸಂತ್ರಸ್ತರಿಗೂ ಇದೇ ಸೌಲಭ್ಯ ಸೇರಿದೆ, ಆದರೆ ಅವರ ಪರ ವಕೀಲರು ಇದ್ದರೆ ಮಾತ್ರ. ಈ ಷರತ್ತು ಗೊತ್ತಿಲ್ಲದೆ ಅನೇಕ ಸಂತ್ರಸ್ತರು ಬರಿಗೈಲಿ ವಾಪಸಾಗುತ್ತಾರೆ. ವಕಾಲತ್ತು (ವಕೀಲರನ್ನು ನೇಮಿಸಿಕೊಂಡ ಪತ್ರ) ಹಾಕಿಸಿ, ಆಮೇಲೆ ಕೇಳಿ.

ಪ್ರತಿ ಪಡೆದಾಗ ಪುಟಗಳನ್ನು ಸೂಚಿಯ ಜೊತೆ ತಾಳೆ ನೋಡಿ. ಮಹಜರಿನ ಎರಡನೆಯ ಪುಟ ಬಿಟ್ಟುಹೋಗುವುದು, ಫೋಟೊಗಳು ಕಪ್ಪಾಗಿ ಏನೂ ಕಾಣದಿರುವುದು, ಸಿ.ಡಿ. ಅಥವಾ ಪೆನ್‌ಡ್ರೈವ್ ಕೊಡದಿರುವುದು ಸಾಮಾನ್ಯ. ಎಲ್ಲ ಸಿಕ್ಕಿದೆ ಎಂದು ಸಹಿ ಹಾಕಿದ ಮೇಲೆ ಕೇಳುವುದು ಕಷ್ಟ. ಕೊರತೆ ಇದ್ದರೆ ಆ ದಿನವೇ ಕೋರ್ಟಿಗೆ ಮೆಮೊ (ಚಿಕ್ಕ ಲಿಖಿತ ಮನವಿ) ಹಾಕಿಸಿ.

ಕೇಸ್ ಡೈರಿಯನ್ನು, ಅಂದರೆ ತನಿಖಾಧಿಕಾರಿ ದಿನದಿನವೂ ಬರೆಯುವ ತನಿಖೆಯ ದಿನಚರಿಯನ್ನು, ಕೇಳಬೇಡಿ. ಕಲಂ 192ರ ಪ್ರಕಾರ ಅದನ್ನು ತರಿಸಿ ನೋಡುವ ಅಧಿಕಾರ ಕೋರ್ಟಿಗಿದೆ. ಆರೋಪಿಗೂ ಅವರ ಪರ ವಕೀಲರಿಗೂ ಹಾಗೆ ತರಿಸಿ ನೋಡುವ ಹಕ್ಕಿಲ್ಲ.

ದೂರುದಾರರೇ, ನಿಮ್ಮ ಕೇಸು ಎಲ್ಲಿಗೆ ಬಂತು ಎಂದು ತಿಳಿಯುವ ಹಕ್ಕು ಈಗ ಕಾನೂನಿನಲ್ಲೇ ಇದೆ. ಕಲಂ 193(3)ರಂತೆ ತನಿಖೆಯ ಪ್ರಗತಿಯನ್ನು 90 ದಿನದೊಳಗೆ ದೂರುದಾರರಿಗೆ ಅಥವಾ ಸಂತ್ರಸ್ತರಿಗೆ ತಿಳಿಸಬೇಕು. ತಿಳಿಸದಿದ್ದರೆ ಠಾಣಾಧಿಕಾರಿಗೆ ಈ ರೀತಿ ಬರೆಯಿರಿ:

"ಇವರಿಗೆ: ಠಾಣಾಧಿಕಾರಿಗಳು, ______ ಪೊಲೀಸ್ ಠಾಣೆ.
ವಿಷಯ: ಅಪರಾಧ ಸಂಖ್ಯೆ __/____ ರ ತನಿಖೆಯ ಪ್ರಗತಿ ತಿಳಿಸುವ ಬಗ್ಗೆ.
ಮೇಲ್ಕಂಡ ಪ್ರಕರಣದಲ್ಲಿ ನಾನು ಪಿರ್ಯಾದುದಾರ/ಪಿರ್ಯಾದುದಾರಳಾಗಿರುತ್ತೇನೆ. ಪ್ರಕರಣ ದಾಖಲಾಗಿ 90 ದಿನ ಕಳೆದಿದ್ದು, ಬಿಎನ್‌ಎಸ್‌ಎಸ್ ಕಲಂ 193(3)ರಂತೆ ತನಿಖೆಯ ಪ್ರಗತಿ, ಅಂತಿಮ ವರದಿ ಸಲ್ಲಿಸಿದ್ದಲ್ಲಿ ಅದರ ದಿನಾಂಕ, ನ್ಯಾಯಾಲಯದ ಹೆಸರು ಹಾಗೂ ಪ್ರಕರಣದ ಸಂಖ್ಯೆಯನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ."

ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಠಾಣೆಯ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಮೊಹರು ಹಾಕಲು ಒಪ್ಪದಿದ್ದರೆ ವಾದ ಮಾಡದೆ ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ.

ಕೆಲವೊಮ್ಮೆ "ಬಿ ರಿಪೋರ್ಟ್ ಹಾಕಿದ್ದೇವೆ" ಎಂಬ ಉತ್ತರ ಬರುತ್ತದೆ. ದೂರು ಸುಳ್ಳು ಅಥವಾ ತಪ್ಪು ತಿಳಿವಳಿಕೆಯದು ಎಂದು ಮುಕ್ತಾಯ ಮಾಡುವ ವರದಿ ಅದು. ಆರೋಪಿ ಪತ್ತೆಯಾಗದೆ ಮುಗಿಸಿದರೆ ಸಿ ರಿಪೋರ್ಟ್ ಎನ್ನುತ್ತಾರೆ. ಕೋರ್ಟು ಬಿ ರಿಪೋರ್ಟನ್ನು ಒಪ್ಪುವ ಮೊದಲು ದೂರುದಾರರ ಮಾತು ಕೇಳಬೇಕು ಎಂಬುದು 1985ರಿಂದ ನೆಲೆಗೊಂಡ ನಿಯಮ. ನೋಟಿಸು ಬಂದ ಕೂಡಲೇ ಕೋರ್ಟಿನಿಂದ ಬಿ ರಿಪೋರ್ಟಿನ ದೃಢೀಕೃತ ನಕಲು ಪಡೆದು ತಕರಾರು ಅರ್ಜಿ ಹಾಕಿ. ವಿಳಾಸ ಬದಲಾಗಿದ್ದರೆ ಠಾಣೆಗೆ ಮೊದಲೇ ತಿಳಿಸಿಡಿ. ಹಳೆಯ ವಿಳಾಸಕ್ಕೆ ಹೋದ ನೋಟಿಸು ವಾಪಸು ಬಂದು, ದೂರುದಾರರಿಗೆ ಗೊತ್ತೇ ಆಗದೆ ಕೇಸು ಮುಗಿದುಹೋಗುವುದುಂಟು.

ಅಪಘಾತದ ಪರಿಹಾರಕ್ಕೆ ಸಾಮಾನ್ಯವಾಗಿ ಬೇಕಾಗುವ ಕಾಗದಗಳು ಇವು: ಎಫ್‌ಐಆರ್ ಮತ್ತು ದೂರು, ಸ್ಥಳ ಮಹಜರು, ಸ್ಥಳದ ನಕ್ಷೆ, ಮೋಟಾರು ವಾಹನ ನಿರೀಕ್ಷಕರ ವರದಿ (ಐಎಂವಿ ರಿಪೋರ್ಟ್), ಗಾಯದ ಪ್ರಮಾಣಪತ್ರ ಅಥವಾ ಮರಣೋತ್ತರ ಪರೀಕ್ಷಾ ವರದಿ, ಚಾರ್ಜ್‌ಶೀಟ್. ಒಂದೊಂದಕ್ಕೂ ಬೇರೆ ಬೇರೆ ದಿನ ಅಲೆಯದೆ ಒಂದೇ ಅರ್ಜಿಯಲ್ಲಿ ಹೆಸರಿಸಿ ಕೇಳಿ.

ಹಂತ 4: ಕೋರ್ಟಿನಲ್ಲಿ ಪ್ರಕರಣ ಹುಡುಕುವುದು

ಇ-ಕೋರ್ಟ್ಸ್ ಸರ್ವಿಸಸ್ ಜಾಲತಾಣ ಮತ್ತು ಅದೇ ಹೆಸರಿನ ಮೊಬೈಲ್ ಆ್ಯಪ್ ಎರಡೂ ಉಚಿತ. ಜಿಲ್ಲೆ, ತಾಲ್ಲೂಕು ನ್ಯಾಯಾಲಯಗಳ ಪ್ರಕರಣಗಳು ಇಲ್ಲಿ ಸಿಗುತ್ತವೆ. ಹೈಕೋರ್ಟಿನ ಬೆಂಗಳೂರು ಪ್ರಧಾನ ಪೀಠ, ಧಾರವಾಡ ಮತ್ತು ಕಲಬುರಗಿ ಪೀಠಗಳಿಗೆ ಪ್ರತ್ಯೇಕ ಹುಡುಕಾಟವಿದೆ.

ಸಿಎನ್‌ಆರ್ ಸಂಖ್ಯೆ ಇದ್ದರೆ ಕೆಲಸ ಒಂದೇ ನಿಮಿಷದ್ದು. ಪ್ರತಿ ಪ್ರಕರಣಕ್ಕೆ ಕೋರ್ಟು ಕೊಡುವ 16 ಅಂಕೆ-ಅಕ್ಷರಗಳ ಗುರುತು ಅದು. ಮೊದಲ ಎರಡು ಅಕ್ಷರ ರಾಜ್ಯದ್ದು (ನಮ್ಮದು ಕೆ, ಎ), ಮುಂದಿನ ನಾಲ್ಕು ಜಿಲ್ಲೆ ಮತ್ತು ನ್ಯಾಯಾಲಯದ್ದು, ಆಮೇಲೆ ಆರು ಅಂಕಿಯ ಕ್ರಮಸಂಖ್ಯೆ, ಕೊನೆಗೆ ನಾಲ್ಕು ಅಂಕಿಯ ವರ್ಷ. ಮಧ್ಯೆ ಗೆರೆ, ಖಾಲಿ ಜಾಗ ಹಾಕಬೇಡಿ. ಕೇಸು ಮೇಲಿನ ಕೋರ್ಟಿಗೆ ಹೋದರೆ ಅಲ್ಲಿ ಹೊಸ ಸಿಎನ್‌ಆರ್ ಬರುತ್ತದೆ.

ಸಿಎನ್‌ಆರ್ ಇಲ್ಲದವರು ಹೀಗೆ ಹೋಗಿ:

1. ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆಯ್ಕೆ ಮಾಡಿ. ತಪ್ಪಾಗುವುದು ಇಲ್ಲೇ. ಆಯ್ದ ಸಂಕೀರ್ಣದ ಕೇಸುಗಳು ಮಾತ್ರ ತೋರುತ್ತವೆ. ತಾಲ್ಲೂಕು ಕೋರ್ಟಿನ ಕೇಸನ್ನು ಜಿಲ್ಲಾ ಕೇಂದ್ರದ ಸಂಕೀರ್ಣದಲ್ಲಿ ಹುಡುಕಿ "ಕೇಸೇ ಇಲ್ಲ" ಎಂದುಕೊಂಡವರು ಎಷ್ಟೋ ಜನ.

2. ಕ್ರಿಮಿನಲ್ ಪ್ರಕರಣವಾದರೆ ಎಫ್‌ಐಆರ್ ನಂಬರಿನ ಆಯ್ಕೆ ಒತ್ತಿ, ಠಾಣೆ, ನಂಬರ್, ವರ್ಷ ಕೊಡಿ. ಇದು ಎಲ್ಲಕ್ಕಿಂತ ಖಚಿತ.

3. ಸಿವಿಲ್ ಪ್ರಕರಣಕ್ಕೆ ಪಕ್ಷಗಾರರ ಹೆಸರಿನಿಂದ ಹುಡುಕಿ. ಇಂಗ್ಲಿಷಿನಲ್ಲಿ ನಮ್ಮ ಹೆಸರುಗಳ ಕಾಗುಣಿತ ಒಬ್ಬೊಬ್ಬ ಗುಮಾಸ್ತರ ಕೈಯಲ್ಲಿ ಒಂದೊಂದು ರೀತಿ ಆಗುತ್ತದೆ. ಮಂಜುನಾಥನ ಕೊನೆಯಲ್ಲಿ "ಎ" ಇರಬಹುದು, ಇಲ್ಲದಿರಬಹುದು. ಲಕ್ಷ್ಮಮ್ಮನ ಹೆಸರಿಗಂತೂ ನಾಲ್ಕೈದು ರೂಪ. ಇನಿಷಿಯಲ್ ಬಿಟ್ಟು, ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಟ್ಟು ನೋಡಿ. ಎದುರು ಪಕ್ಷದವರ ಹೆಸರಿನಿಂದಲೂ ಹುಡುಕಿ.

4. ವರ್ಷ ಗೊತ್ತಿಲ್ಲದಿದ್ದರೆ ಅಂದಾಜು ವರ್ಷದ ಹಿಂದೆ ಎರಡು, ಮುಂದೆ ಎರಡು ವರ್ಷ ಒಂದೊಂದಾಗಿ ನೋಡಿ. ಬಾಕಿ, ಇತ್ಯರ್ಥ ಎಂಬ ಎರಡು ಆಯ್ಕೆಯಲ್ಲೂ ಹುಡುಕಿ. ಬಾಕಿ ಪಟ್ಟಿಯಲ್ಲಿ ಇಲ್ಲ ಎಂದರೆ ಕೇಸು ಮುಗಿದಿರಬಹುದು.

ಸಿಕ್ಕಿದ ಪುಟದಲ್ಲಿ ಮುಂದಿನ ದಿನಾಂಕ, ಹಂತ, ಹಿಂದಿನ ವಿಚಾರಣೆಗಳ ಪಟ್ಟಿ, ಆದೇಶಗಳು ಇರುತ್ತವೆ. ಡೌನ್‌ಲೋಡ್ ಮಾಡಿದ ಆದೇಶ ನಿಮ್ಮ ತಿಳಿವಳಿಕೆಗೆ ಸಾಕು. ಬ್ಯಾಂಕು, ಮೇಲ್ಮನವಿ, ಸರ್ಕಾರಿ ಕಚೇರಿಗೆ ಅದು ನಡೆಯುವುದಿಲ್ಲ. ಅಲ್ಲಿಗೆ ದೃಢೀಕೃತ ನಕಲೇ ಬೇಕು.

ಜಮೀನು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಇ-ಕೋರ್ಟ್ಸ್‌ನಲ್ಲಿ ಸರ್ವೆ ನಂಬರಿನಿಂದ ಹುಡುಕಲಾಗುವುದಿಲ್ಲ. ಪಹಣಿ, ಮ್ಯುಟೇಶನ್, ಋಣಭಾರ ಪ್ರಮಾಣಪತ್ರದಲ್ಲಿ (ಇ.ಸಿ.) ಕಂಡ ಹಿಂದಿನ ಮಾಲೀಕರು, ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರ ಹೆಸರುಗಳನ್ನು ಪಟ್ಟಿ ಮಾಡಿ ಒಂದೊಂದೇ ಹುಡುಕಬೇಕು. ವಿಭಾಗದ ದಾವೆ (ಆಸ್ತಿಯಲ್ಲಿ ಪಾಲು ಕೇಳುವ ದಾವೆ) ಹೂಡುವವರು ಹೆಚ್ಚಾಗಿ ಪಹಣಿಯಲ್ಲಿ ಹೆಸರೇ ಇಲ್ಲದ ಹೆಣ್ಣುಮಕ್ಕಳು. ಇ.ಸಿ. ಶುದ್ಧವಾಗಿದೆ ಎಂದರೆ ದಾವೆ ಇಲ್ಲ ಎಂದಲ್ಲ. ತಹಶೀಲ್ದಾರ್, ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳ ಮುಂದಿರುವ ಕಂದಾಯ ಪ್ರಕರಣಗಳು ಇ-ಕೋರ್ಟ್ಸ್‌ನಲ್ಲಿ ಬರುವುದಿಲ್ಲ. ಅವನ್ನು ಆಯಾ ಕಚೇರಿಯಲ್ಲೇ ವಿಚಾರಿಸಬೇಕು.

ಹೆಸರು ಒಂದೇ ಎಂದ ಮಾತ್ರಕ್ಕೆ ವ್ಯಕ್ತಿ ಒಬ್ಬರೇ ಅಲ್ಲ. ತಂದೆಯ ಹೆಸರು, ವಿಳಾಸ ಸರಿಹೊಂದದೆ ಯಾವ ನಿರ್ಧಾರಕ್ಕೂ ಬರಬೇಡಿ. ಎಫ್‌ಐಆರ್ ಒಂದು ಆರೋಪ ಮಾತ್ರ. ಅದನ್ನು ಇಟ್ಟುಕೊಂಡು ಯಾರನ್ನೂ ಅಪರಾಧಿ ಎಂದು ಊರಲ್ಲಿ, ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ. ಅತ್ಯಾಚಾರದ ಸಂತ್ರಸ್ತರ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ ಕಲಂ 72ರಂತೆ ಎರಡು ವರ್ಷದವರೆಗೆ ಜೈಲು ಶಿಕ್ಷೆ ಇರುವ ಅಪರಾಧ. ಮಕ್ಕಳ ಗುರುತಿನ ವಿಷಯದಲ್ಲಿ ಪೋಕ್ಸೋ ಮತ್ತು ಬಾಲನ್ಯಾಯ ಕಾಯ್ದೆಗಳೂ ಅಷ್ಟೇ ಬಿಗಿ.

ಹಂತ 5: ದೃಢೀಕೃತ ನಕಲು

ದೃಢೀಕೃತ ನಕಲು ಎಂದರೆ ಮೂಲಕ್ಕೆ ಸರಿಯಾಗಿದೆ ಎಂದು ಕೋರ್ಟಿನ ಅಧಿಕಾರಿ ಸಹಿ, ಮೊಹರು ಹಾಕಿ ಕೊಡುವ ಪ್ರತಿ. ಕೋರ್ಟಿನ ಆವರಣದಲ್ಲಿರುವ ಕಾಪಿಯಿಂಗ್ ಸೆಕ್ಷನ್ (ನಕಲು ವಿಭಾಗ) ಈ ಕೆಲಸ ಮಾಡುತ್ತದೆ. ವಕೀಲರಿಲ್ಲದೆ ಪಕ್ಷಗಾರರು ತಾವೇ ಅರ್ಜಿ ಹಾಕಬಹುದು.

ನಕಲು ಅರ್ಜಿಯಲ್ಲಿ ನ್ಯಾಯಾಲಯದ ಹೆಸರು, ಪ್ರಕರಣದ ಸಂಖ್ಯೆ, ಪಕ್ಷಗಾರರ ಹೆಸರು, ಮುಂದಿನ ದಿನಾಂಕ ಅಥವಾ ಇತ್ಯರ್ಥವಾದ ದಿನಾಂಕ, ಬೇಕಾದ ದಾಖಲೆ, ಎಷ್ಟು ಪ್ರತಿ, ತುರ್ತೋ ಸಾಮಾನ್ಯವೋ ಎಂಬುದನ್ನು ಬರೆದು ಕೋರ್ಟ್ ಫೀ ಸ್ಟ್ಯಾಂಪ್ ಹಚ್ಚಬೇಕು. ದಾಖಲೆಯ ಹೆಸರನ್ನು ಖಚಿತವಾಗಿ ಬರೆಯಿರಿ. "ಕೇಸಿನ ಎಲ್ಲ ಕಾಗದ" ಎಂದು ಬರೆದರೆ ಅರ್ಜಿ ವಾಪಸು ಬರುತ್ತದೆ. "ದಿನಾಂಕ __ ರ ತೀರ್ಪು", "ಡಿಕ್ರಿ", "ಪಿ.ಡಬ್ಲ್ಯು. 1ರ ಸಾಕ್ಷ್ಯ", "ನಿಶಾನೆ ಪಿ. 3", "ದಿನಾಂಕ __ ರಿಂದ __ ರವರೆಗಿನ ಆರ್ಡರ್ ಶೀಟ್" ಎಂದು ಬರೆಯಿರಿ. ಡಿಕ್ರಿ ಎಂದರೆ ಸಿವಿಲ್ ತೀರ್ಪಿನ ಫಲಿತಾಂಶವನ್ನು ಬೇರೆಯಾಗಿ ಬರೆದ ವಿಧ್ಯುಕ್ತ ಆದೇಶ. ಪಿ.ಡಬ್ಲ್ಯು. ಎಂದರೆ ವಾದಿ ಅಥವಾ ಪ್ರಾಸಿಕ್ಯೂಷನ್ ಕಡೆಯ ಸಾಕ್ಷಿ. ನಿಶಾನೆ ಎಂದರೆ ಸಾಕ್ಷ್ಯವಾಗಿ ಗುರುತು ಮಾಡಿದ ದಾಖಲೆ. ಆರ್ಡರ್ ಶೀಟ್ ಎಂದರೆ ಪ್ರತಿ ವಿಚಾರಣೆಯ ದಿನ ನಡೆದದ್ದರ ಟಿಪ್ಪಣಿ.

ಅರ್ಜಿ ಕೊಟ್ಟಾಗ ಸಿ.ಎ. ನಂಬರ್ (ನಕಲು ಅರ್ಜಿಯ ಸಂಖ್ಯೆ) ಸಿಗುತ್ತದೆ. ಕಡತ ಬಂದಮೇಲೆ ಪುಟ ಲೆಕ್ಕ ಹಾಕಿ, ಎಷ್ಟು ಶುಲ್ಕ ಕಟ್ಟಬೇಕು ಎಂದು ಸೂಚನಾ ಫಲಕದಲ್ಲಿ ಹಾಕುತ್ತಾರೆ. ಅದನ್ನು ನೋಡಿ ಗಡುವಿನೊಳಗೆ ಕಟ್ಟದಿದ್ದರೆ ಅರ್ಜಿ ವಜಾ. ಫೋನ್ ಬರುತ್ತದೆ ಎಂದು ಮನೆಯಲ್ಲಿ ಕುಳಿತವರ ಅರ್ಜಿಗಳು ಸಾಯುವುದು ಈ ಫಲಕದ ಮೇಲೆಯೇ. ಎರಡು ದಿನಕ್ಕೊಮ್ಮೆ ಹೋಗಿ ನೋಡಿ.

ನಕಲಿನ ಕೊನೆಯ ಪುಟದ ಹಿಂದೆ ಅರ್ಜಿ ಕೊಟ್ಟ ದಿನ, ಶುಲ್ಕ ಕೇಳಿದ ದಿನ, ಕಟ್ಟಿದ ದಿನ, ನಕಲು ಸಿದ್ಧವಾದ ದಿನ, ಕೊಟ್ಟ ದಿನ ಎಂಬ ಮೊಹರು ಇರುತ್ತದೆ. ಮೇಲ್ಮನವಿಯ ಗಡುವು ನಿಲ್ಲುವುದು ಈ ದಿನಾಂಕಗಳ ಮೇಲೆ. ಸಿವಿಲ್ ಮೇಲ್ಮನವಿಗೆ ಹೈಕೋರ್ಟಿಗಾದರೆ 90 ದಿನ, ಜಿಲ್ಲೆಯೊಳಗಿನ ಮೇಲಿನ ಕೋರ್ಟಿಗಾದರೆ 30 ದಿನ. ಮರಣದಂಡನೆ ಬಿಟ್ಟು ಉಳಿದ ಶಿಕ್ಷೆಯ ವಿರುದ್ಧ ಹೈಕೋರ್ಟಿಗೆ 60 ದಿನ, ಸೆಷನ್ಸ್ ಕೋರ್ಟಿಗೆ 30 ದಿನ. ಕಾಲಮಿತಿ ಕಾಯ್ದೆ 1963ರ ಕಲಂ 12ರಂತೆ ನಕಲು ಪಡೆಯಲು ಬೇಕಾದ ಸಮಯವನ್ನು ಈ ಲೆಕ್ಕದಿಂದ ಕಳೆಯುತ್ತಾರೆ. ಆದರೆ ಕಳೆಯುವುದು ನೀವು ಅರ್ಜಿ ಹಾಕಿದ ದಿನದಿಂದ. ತೀರ್ಪು ಜೂನ್ 1ಕ್ಕೆ ಬಂದು ನೀವು ಜೂನ್ 25ಕ್ಕೆ ಅರ್ಜಿ ಹಾಕಿದರೆ ನಡುವಿನ 23 ದಿನ ಹೋದಂತೆಯೇ. ಶುಲ್ಕ ಕಟ್ಟಲು ನೀವು ಮಾಡಿದ ತಡವೂ, ಸಿದ್ಧವಾದ ನಕಲನ್ನು ತರದೆ ಬಿಟ್ಟ ದಿನಗಳೂ ನಿಮ್ಮ ಖಾತೆಗೇ. ಆದ್ದರಿಂದ ತೀರ್ಪು ಓದಿದ ದಿನವೇ ನಕಲು ಅರ್ಜಿ ಹಾಕಿ. ಮೇಲ್ಮನವಿ ಮಾಡುವುದೋ ಬಿಡುವುದೋ ಆಮೇಲೆ ಯೋಚಿಸಬಹುದು.

ಕ್ರಿಮಿನಲ್ ಪ್ರಕರಣದಲ್ಲಿ ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಪ್ರತಿಯನ್ನು ಆ ಕೂಡಲೇ ಉಚಿತವಾಗಿ ಕೊಡಬೇಕು (ಬಿಎನ್‌ಎಸ್‌ಎಸ್ ಕಲಂ 404). ಜೈಲಿನಲ್ಲಿರುವವರ ಮನೆಯವರು ಇದಕ್ಕೆ ಹಣ ಕಟ್ಟುವ ಅಗತ್ಯವಿಲ್ಲ.

ಪ್ರಕರಣಕ್ಕೆ ಸಂಬಂಧಪಡದ ಮೂರನೆಯವರು ಬರೀ ಅರ್ಜಿ ಕೊಟ್ಟರೆ ಸಾಲದು. ಯಾವ ದಾಖಲೆ, ಯಾವ ಉದ್ದೇಶಕ್ಕೆ ಬೇಕು ಎಂದು ವಿವರಿಸಿದ ಪ್ರಮಾಣಪತ್ರ (ಅಫಿಡವಿಟ್) ಜೊತೆಗಿಟ್ಟು ನ್ಯಾಯಾಧೀಶರ ಅನುಮತಿ ಪಡೆಯಬೇಕು. "ಮಾಹಿತಿಗಾಗಿ" ಎಂದು ಬರೆದರೆ ಅನುಮತಿ ಸಿಗುವುದು ಕಷ್ಟ. "ಇದೇ ಸ್ವತ್ತನ್ನು ಕೊಳ್ಳಲು ಕರಾರು ಮಾಡಿಕೊಂಡಿದ್ದೇನೆ, ಹಕ್ಕಿನ ಪರಿಶೀಲನೆಗೆ ತೀರ್ಪು ಮತ್ತು ಡಿಕ್ರಿ ಬೇಕು" ಎಂದು ಬರೆದು ಕರಾರಿನ ಪ್ರತಿ ಲಗತ್ತಿಸಿದರೆ ಕೆಲಸ ಸುಲಭ.

ಹಂತ 6: ಮಾಹಿತಿ ಹಕ್ಕು ಅರ್ಜಿ, ಎಲ್ಲಿ ಬೇಕೋ ಅಲ್ಲಿ ಮಾತ್ರ

ಕೋರ್ಟಿನ ಕಡತದ ನಕಲಿಗೆ ಆರ್‌ಟಿಐ ಹಾಕಬೇಡಿ. ನ್ಯಾಯಾಂಗದ ಕಡತದ ಪ್ರತಿಯನ್ನು ಕೋರ್ಟಿನ ನಿಯಮಗಳ ಮೂಲಕವೇ ಪಡೆಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಮಾರ್ಚ್‌ನಲ್ಲಿ ಹೇಳಿದೆ. ಪೊಲೀಸರ ಕಡೆಯ ದಾಖಲೆಗೆ ಮಾತ್ರ ಆರ್‌ಟಿಐ ಒಳ್ಳೆಯ ಸಾಧನ.

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಎ4 ಪುಟಕ್ಕೆ 2 ರೂಪಾಯಿ. ಬಡತನ ರೇಖೆಗಿಂತ ಕೆಳಗಿನವರಿಗೆ ಅರ್ಜಿ ಶುಲ್ಕವಿಲ್ಲ, ಕಾರ್ಡಿನ ಪ್ರತಿ ಲಗತ್ತಿಸಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಬಹಳ ಅರ್ಜಿಗಳು ಬಿದ್ದುಹೋಗುವುದು ಈ ಒಂದು ನಿಯಮಕ್ಕೇ. ಆನ್‌ಲೈನಿನಲ್ಲೂ ಅರ್ಜಿ ಹಾಕಬಹುದು.

ಯಾಕೆ, ಹೇಗೆ ಎಂದು ಕೇಳಬೇಡಿ. ದಾಖಲೆಯನ್ನು ಕೇಳಿ. "ನನ್ನ ದೂರಿನ ಮೇಲೆ ಯಾಕೆ ಕ್ರಮ ಕೈಗೊಂಡಿಲ್ಲ?" ಎಂಬುದಕ್ಕೆ ಉತ್ತರ ಬರುವುದಿಲ್ಲ. "ದಿನಾಂಕ __ ರಂದು ನಾನು ನೀಡಿದ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಟಿಪ್ಪಣಿ ಹಾಳೆ, ಹಿಂಬರಹ ಮತ್ತು ಆ ದಿನದ ಠಾಣಾ ದಿನಚರಿಯ ಸಂಬಂಧಿತ ಪುಟದ ದೃಢೀಕೃತ ಪ್ರತಿ" ಎಂದು ಕೇಳಿ.

ಉತ್ತರಕ್ಕೆ 30 ದಿನ. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯದ ವಿಷಯವಾದರೆ 48 ಗಂಟೆ. "ತನಿಖೆ ನಡೆಯುತ್ತಿದೆ, ಕಲಂ 8(1)(ಎಚ್)" ಎಂಬ ಒಂದು ಸಾಲಿನ ಉತ್ತರ ಬಂದರೆ ಸುಮ್ಮನಾಗಬೇಡಿ. ಆ ಕಲಂ ಹೇಳುವುದು ಮಾಹಿತಿ ಕೊಟ್ಟರೆ ತನಿಖೆಗೆ ಅಡ್ಡಿಯಾಗುವುದಾದರೆ ಕೊಡಬೇಕಿಲ್ಲ ಎಂದು. ತನಿಖೆ ಬಾಕಿ ಇದೆ ಎಂಬುದಷ್ಟೇ ಕಾರಣವಾಗದು, ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟ್ 2007ರಲ್ಲಿ ಭಗತ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಇದನ್ನು ಉಲ್ಲೇಖಿಸಿ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಕೊಡಬಹುದಾದ ಭಾಗವನ್ನು ಬೇರ್ಪಡಿಸಿ ಕೊಡಿ ಎಂದು ಕಲಂ 10ರಡಿ ಕೋರಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ.

ಹಂತ 7: ಹಳೆಯ ಕಡತ

ಅಜ್ಜನ ಕಾಲದ ವಿಭಾಗದ ದಾವೆಯ ಡಿಕ್ರಿ ಬೇಕಾದವರಿಗೆ ಇ-ಕೋರ್ಟ್ಸ್ ನೆರವಾಗುವುದು ಕಡಿಮೆ. ಒ.ಎಸ್. ನಂಬರ್ ಮತ್ತು ವರ್ಷವನ್ನು ಮನೆಯ ಹಳೆಯ ಪತ್ರಗಳಲ್ಲಿ, ನೋಂದಣಿಯಾದ ಕ್ರಯಪತ್ರದ ಪೀಠಿಕೆಯಲ್ಲಿ, ಮ್ಯುಟೇಶನ್ ಆದೇಶದಲ್ಲಿ ಹುಡುಕಿ. ಡಿಕ್ರಿಯ ಆಧಾರದ ಮೇಲೆ ಖಾತೆ ಬದಲಾಗಿದ್ದರೆ ಮ್ಯುಟೇಶನ್ ದಾಖಲೆಯಲ್ಲಿ ನಂಬರ್ ಇರುತ್ತದೆ. ಅದು ಸಿಕ್ಕ ಮೇಲೆ ಅದೇ ಕೋರ್ಟಿನ ಕಾಪಿಯಿಂಗ್ ಸೆಕ್ಷನ್ನಿನಲ್ಲಿ ನಕಲು ಅರ್ಜಿ ಹಾಕಿ, ಕಡತ ರೆಕಾರ್ಡ್ ರೂಮಿನಿಂದ ಬರಬೇಕು ಎಂದು ನಮೂದಿಸಿ. ತಾಲ್ಲೂಕು ವಿಂಗಡಣೆಯಾಗಿದ್ದರೆ ಕಡತ ಹಳೆಯ ತಾಲ್ಲೂಕಿನ ಕೋರ್ಟಿನಲ್ಲೇ ಉಳಿದಿರಬಹುದು, ಎರಡೂ ಕಡೆ ವಿಚಾರಿಸಿ.

ಕೋರ್ಟುಗಳು ಎಲ್ಲ ಕಾಗದವನ್ನೂ ಶಾಶ್ವತವಾಗಿ ಇಡುವುದಿಲ್ಲ. 1917ರ ದಾಖಲೆ ನಾಶ ಕಾಯ್ದೆ ಮತ್ತು ಅದರಡಿಯ ನಿಯಮಗಳಂತೆ ಅವಧಿ ಮುಗಿದ ಭಾಗಗಳನ್ನು ತೆಗೆದುಹಾಕುತ್ತಾರೆ. "ಕಡತ ಸಿಗಲಿಲ್ಲ" ಅಥವಾ "ನಾಶಪಡಿಸಲಾಗಿದೆ" ಎಂಬ ಉತ್ತರ ಬಂದರೆ ಬಾಯಿಮಾತಿಗೆ ಬಿಡದೆ ಲಿಖಿತ ಹಿಂಬರಹ ಪಡೆದುಕೊಳ್ಳಿ. ಮನೆಯಲ್ಲಿರುವ ಹಳೆಯ ನಕಲನ್ನೇ ಮುಂದೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ಹಾಜರುಪಡಿಸಬೇಕಾಗಿ ಬಂದರೆ, ಮೂಲ ಸಿಗುವುದಿಲ್ಲ ಎಂಬುದನ್ನು ತೋರಿಸಲು ಆ ಹಿಂಬರಹ ಬೇಕಾಗುತ್ತದೆ. ಸೂಟ್ ರಿಜಿಸ್ಟರಿನಲ್ಲಿ (ದಾವೆಗಳನ್ನು ಬರೆದಿಡುವ ಪುಸ್ತಕ) ಆ ದಾವೆಯ ನಮೂದು ಇದ್ದರೆ ಅದರ ದೃಢೀಕೃತ ಪ್ರತಿಯನ್ನೂ ಅದೇ ದಿನ ಕೇಳಿ.